ಗಾಳಿ, ಜಾಲಿಮುಳ್ಳು, ಜಡಿಮಳೆ: ನಮ್ಮ ಕಡೆಗೆ ಆಗುವ ಜಾಕೆಟ್ ಆರಿಸುವುದು ಹೇಗೆ?

ಆನ್‌ಲೈನ್‌ನಲ್ಲಿ ಗಟ್ಟಿಮುಟ್ಟಾದ ಜಾಕೆಟ್ ಹುಡುಕಿ ನೋಡಿ, "ಹಂಟಿಂಗ್ ಜಾಕೆಟ್" ಅಂತ ಸಾಲುಸಾಲು ಬರುತ್ತವೆ. ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಂದಿಗೆ ಅಂತ ಬದುವಿನಲ್ಲಿ ಉರುಳು ಕಟ್ಟಿದರೂ ಕೇಸೇ. ಹಾಗಾಗಿ ಬೇಟೆ ಮಾತು ಇಲ್ಲಿಗೆ ಬಿಡೋಣ. ಆದರೆ ಜಾಕೆಟ್ ಬಿಡೋದು ಬೇಡ. ಗಂಟೆಗಟ್ಟಲೆ ಒಂದೇ ಕಡೆ ಕೂರುವವನಿಗೆ, ಮುಳ್ಳಿನ ಪೊದೆಯಲ್ಲಿ ನುಗ್ಗುವವನಿಗೆ, ಮಳೆ ಬಂತು ಅಂತ ಎದ್ದು ಮನೆಗೆ ಓಡಲಾಗದವನಿಗೆ ಅಂತ ಹೊಲಿದ ಬಟ್ಟೆ ಅದು. ಅಂಥ ಕೆಲಸ ನಮ್ಮ ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಬೇಕಾದಷ್ಟಿದೆ. ಜಗಳೂರು ಕಡೆ ಮೆಕ್ಕೆಜೋಳ ತೆನೆ ಕಟ್ಟುವಾಗ ಹಂದಿ ಕಾಯಬೇಕು. ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಕಂಡೀತೇನೋ ಅಂತ ಬೆಳಗಿನ ಜಾವ ಹೋಗುವವರಿದ್ದಾರೆ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿಗೆ ಹಕ್ಕಿ ನೋಡೋಕೆ ಹೋಗುವವರಂತೂ ಸರಿಯೇ.

ನಾನು ಮೊದಲ ಜಾಕೆಟ್ ತಗೊಂಡಾಗ ಮಾಡಿದ ತಪ್ಪು ಏನು ಅಂದರೆ, ಹೊರದೇಶದವರ ವಿಮರ್ಶೆ ಓದಿ ಅವರ ಚಳಿಗೆ, ಅವರ ಮಳೆಗೆ ಆಗುವಂಥದ್ದನ್ನು ಆರಿಸಿಕೊಂಡೆ. ಒಳಗೆ ಹತ್ತಿಯಂಥ ದಪ್ಪ ಪದರ, ಹೊರಗೆ ಏನೋ ಇಪ್ಪತ್ತು ಸಾವಿರದ ನಂಬರು. ಹುಬ್ಬೆ ಮಳೆಯ ಹೊತ್ತಿಗೆ ಹಾಕಿಕೊಂಡು ದೊಡ್ಡಪ್ಪನ ಹೊಲಕ್ಕೆ ಕಾವಲಿಗೆ ಹೋದೆ. ಮಳೆ ಬಂದಿದ್ದು ಹತ್ತು ನಿಮಿಷ. ಆದರೆ ಬೆಳಗ್ಗೆ ಜಿಪ್ ತೆಗೆದಾಗ ಒಳಗಿನ ಬನಿಯನ್ನು ಹಿಂಡಿದರೆ ನೀರು ಬರುವಂತಿತ್ತು, ಅಷ್ಟೂ ನನ್ನದೇ ಬೆವರು. ದೊಡ್ಡಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು, ಅವರ ಅಂಗಿ ಒಣಗಿತ್ತು. "ಏನಪ್ಪಾ, ಮಳೆ ಹೊರಗಾ ಒಳಗಾ?" ಅಂದರು.

ಆಮೇಲೆ ನನಗೆ ಅರ್ಥವಾಗಿದ್ದು ಇಷ್ಟು. ನಮ್ಮ ಸೀಮೆಯಲ್ಲಿ ಜಾಕೆಟ್‌ಗೆ ಮೊದಲ ಶತ್ರು ಗಾಳಿ, ಎರಡನೆಯದು ಮುಳ್ಳು, ಮೂರನೆಯದು ಬೆವರು. ಮಳೆ ನಾಲ್ಕನೆಯದು. ಇದನ್ನು ತಲೆಯಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಅರ್ಧ ದುಡ್ಡು ಉಳಿಯುತ್ತದೆ.

ಮೊದಲ ಹೆಜ್ಜೆ: ಎಲ್ಲಿಗೆ, ಯಾವಾಗ, ಎಷ್ಟು ಹೊತ್ತು?

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೂರುವ ಕೆಲಸವೋ, ನಡೆಯುವ ಕೆಲಸವೋ? ಬೈಕಿನಲ್ಲಿ ಹೋಗಿ ಬರ್ತೀರಾ? ಆಷಾಢವೋ, ಮಾಗಿಯೋ?

ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತವರಿಗೆ ನಾನು ಗಾಳಿ ಬಗ್ಗೆ ಹೇಳಬೇಕಾಗಿಲ್ಲ, ಅಲ್ಲಿ ಸಾಲಾಗಿ ನಿಲ್ಲಿಸಿರುವ ಗಾಳಿಯಂತ್ರಗಳೇ ಹೇಳುತ್ತವೆ. ಆಗ ಬೀಳುವುದು ಮುಖಕ್ಕೆ ಅಡ್ಡಡ್ಡ ಹೊಡೆಯುವ ತುಂತುರು. ಮೈ ತೋಯಿಸುವುದಕ್ಕಿಂತ ಮೈ ಕೊರೆಯುವುದೇ ಜಾಸ್ತಿ. ನಿಜವಾದ ದಪ್ಪ ಹನಿಯ ಮಳೆ ನಮಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ. ಅದೂ ಜೋರಾಗಿ ಬಂದು ಹೋಗುತ್ತದೆ. ಮಲೆನಾಡಿನ ಹಾಗೆ ವಾರಗಟ್ಟಲೆ ಹಿಡಿದುಕೊಳ್ಳುವುದಿಲ್ಲ. ಇನ್ನು ಚಳಿ. ಡಿಸೆಂಬರ್, ಜನವರಿಯ ಬೆಳಗಿನ ಜಾವವೂ ಒಂದು ಸ್ವೆಟರ್‌ಗೆ ಬಗ್ಗುವಂಥ ಚಳಿಯೇ.

ಹಾಗಾಗಿ ಒಳಗೆ ಶಾಶ್ವತವಾಗಿ ಹೊಲಿದುಬಿಟ್ಟ ಬೆಚ್ಚನೆಯ ಪದರ ಇರುವ ಜಾಕೆಟ್ ಬೇಡವೇ ಬೇಡ. ತೆಳುವಾದ, ಗಟ್ಟಿಯಾದ ಹೊರಚಿಪ್ಪು ಒಂದು ಸಾಕು. ಚಳಿಗೆ ಒಳಗೆ ಸ್ವೆಟರ್ ಹಾಕಿಕೊಳ್ಳಿ, ಬಿಸಿಯಾದರೆ ತೆಗೆಯಿರಿ. ಒಳಪದರವನ್ನು ಜಿಪ್ ಬಿಚ್ಚಿ ತೆಗೆಯುವ ಹಾಗಿದ್ದರೆ ಪರವಾಗಿಲ್ಲ, ಆದರೆ ಅದಕ್ಕೂ ಸೇರಿಸಿ ದುಡ್ಡು ಕೊಡುತ್ತಿದ್ದೀರಿ ಅನ್ನೋದು ನೆನಪಿರಲಿ.

ಎರಡನೇ ಹೆಜ್ಜೆ: ಲೇಬಲ್ ಮೇಲಿನ ನಂಬರು ಓದುವುದು

"ವಾಟರ್‌ಪ್ರೂಫ್ 5,000 ಎಂಎಂ", "10,000 ಎಂಎಂ" ಅಂತ ಬರೆದಿರುತ್ತದೆ. ಸುಮ್ನೆ ದೊಡ್ಡ ನಂಬರು ಒಳ್ಳೇದು ಅಂದುಕೊಳ್ಳಬೇಡಿ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ ಎತ್ತರಿಸುತ್ತಾ ಹೋಗುತ್ತಾರೆ ಅಂತ ಊಹಿಸಿಕೊಳ್ಳಿ. ಎಷ್ಟು ಎತ್ತರಕ್ಕೆ ನೀರು ಬಟ್ಟೆ ದಾಟಿ ಹನಿಯಾಗಿ ಆಚೆ ಬರುತ್ತದೋ, ಅದೇ ಆ ನಂಬರು. 10,000 ಎಂಎಂ ಅಂದರೆ ಹತ್ತು ಮೀಟರ್, ಹೆಚ್ಚುಕಡಿಮೆ ಮೂರಂತಸ್ತಿನ ಮನೆಯೆತ್ತರದ ನೀರು. ಆಕಾಶದಿಂದ ಬೀಳುವ ಮಳೆಗೆ ಅಷ್ಟು ಒತ್ತಡ ಇರಲ್ಲ. ಮತ್ತೆ ಯಾಕೆ ಬೇಕು ಅಂದರೆ, ಒತ್ತಡ ಹಾಕುವವರು ನಾವೇ. ಒದ್ದೆ ಬದುವಿನ ಮೇಲೆ ಕೂತಾಗ, ಮೊಣಕೈ ಊರಿದಾಗ, ಭುಜದ ಮೇಲೆ ಬ್ಯಾಗಿನ ಪಟ್ಟಿ ಒತ್ತಿದಾಗ ನೀರನ್ನು ನಾವೇ ಒಳಗೆ ತಳ್ಳುತ್ತೇವೆ. ಬೈಕಿನಲ್ಲಿ ವೇಗವಾಗಿ ಹೋಗುವಾಗ ಎದೆಗೆ ಬಡಿಯುವ ಮಳೆಯೂ ಹಾಗೇ.

ನನ್ನ ಲೆಕ್ಕ ಹೀಗೆ. ಬರೀ ತುಂತುರಿಗೆ, ನಡೆದಾಟಕ್ಕೆ 5,000 ಸಾಕು. ಕೂರುವ ಕಾವಲು, ಬೈಕು, ಬೆನ್ನಿಗೆ ಬ್ಯಾಗು ಇದ್ದರೆ 10,000. ಅದರ ಮೇಲಿನದ್ದು ಹಿಮದ ಬೆಟ್ಟ ಹತ್ತುವವರಿಗೆ ಇರಲಿ. ನಂಬರೇ ಇಲ್ಲದೆ "ವಾಟರ್ ರೆಸಿಸ್ಟೆಂಟ್" ಅಂತ ಮಾತ್ರ ಇದ್ದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಕೈ ಎತ್ತುತ್ತದೆ ಅಂತ ಅರ್ಥ.

ಇನ್ನೊಂದು ನಂಬರು ಬೆವರಿನದು. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಗೆ ಹೋಗುತ್ತದೆ ಅನ್ನೋ ಲೆಕ್ಕ ಅದು. 1969ರಲ್ಲಿ ರಾಬರ್ಟ್ ಗೋರ್ ಅನ್ನುವವರು ಟೆಫ್ಲಾನ್ ಜಾತಿಯ ವಸ್ತುವನ್ನು ಜೋರಾಗಿ ಹಿಗ್ಗಿಸಿದಾಗ ಅದು ಸಣ್ಣಸಣ್ಣ ರಂಧ್ರಗಳ ಹಾಳೆಯಾಯಿತು. ನೀರಿನ ಹನಿ ದಾಟಲಾಗದಷ್ಟು ಚಿಕ್ಕ ರಂಧ್ರ, ಆದರೆ ಬೆವರಿನ ಆವಿ ಆರಾಮಾಗಿ ದಾಟುತ್ತದೆ. ಗೋರ್-ಟೆಕ್ಸ್ ಹುಟ್ಟಿದ್ದು ಹಾಗೆ. ಈಗ ಬೇರೆ ಬೇರೆ ಹೆಸರಿನಲ್ಲಿ ಇಂಥ ಪೊರೆಗಳು ಬಹಳ ಇವೆ.

ಒಂದು ಮಾತು ಮಾತ್ರ ಅಂಗಡಿಯವರು ಹೇಳಲ್ಲ. ಆವಿ ಹೊರಗೆ ಹೋಗಬೇಕಾದರೆ ಒಳಗೆ ಬಿಸಿ, ತೇವ ಜಾಸ್ತಿ ಇರಬೇಕು, ಹೊರಗೆ ಕಮ್ಮಿ ಇರಬೇಕು. ತಣ್ಣಗಿರುವ ದೇಶಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿ ಸಿಗುತ್ತದೆ. ನಮ್ಮಲ್ಲಿ ಮಳೆಗೆ ಮುಂಚೆ ಉಮ್ಮಳಿಸುವ ಸೆಕೆ ಇರುತ್ತದಲ್ವಾ, ಆಗ ಹೊರಗೂ ಅಷ್ಟೇ ತೇವ. ಎಷ್ಟೇ ದುಬಾರಿ ಪೊರೆ ಇದ್ದರೂ ಸುಮ್ಮನಾಗಿಬಿಡುತ್ತದೆ. ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವುದು ಕಂಕುಳ ಕೆಳಗಿನ ಜಿಪ್. ತೆರೆದರೆ ಗಾಳಿ ಸೀದಾ ಒಳಗೆ. ದುಬಾರಿ ಪೊರೆ, ಕಂಕುಳ ಜಿಪ್ ಇಲ್ಲ. ಸಾಧಾರಣ ಪೊರೆ, ಕಂಕುಳ ಜಿಪ್ ಇದೆ. ಇವೆರಡರಲ್ಲಿ ಕಣ್ಣು ಮುಚ್ಚಿ ಎರಡನೆಯದನ್ನು ತಗೊಳ್ಳಿ.

ಪಿವಿಸಿ ರೇನ್‌ಕೋಟ್ ಬಗ್ಗೆಯೂ ಕೇಳ್ತಾರೆ. ಅದು ನೀರನ್ನು ಪೂರ್ತಿ ತಡೆಯುತ್ತದೆ, ಬೆವರನ್ನೂ ಪೂರ್ತಿ ತಡೆಯುತ್ತದೆ. ಹಾಲಿನವರಿಗೆ, ಪೇಪರ್ ಹುಡುಗರಿಗೆ ಸರಿ, ಬೈಕಿನ ಡಿಕ್ಕಿಯಲ್ಲಿ ಒಂದು ಇರಲಿ. ಜಾಲಿ ನಡುವೆ ಮಾತ್ರ ಹಾಕಬೇಡಿ, ಒಂದೇ ದಿನಕ್ಕೆ ಜಾಲರಿಯಾಗುತ್ತದೆ.

ಮೂರನೇ ಹೆಜ್ಜೆ: ಮೈಬಟ್ಟೆ, ಅಂದರೆ ಮುಳ್ಳಿನ ಪರೀಕ್ಷೆ

ನಮ್ಮ ಕಡೆ ಜಾಕೆಟ್ ಸಾಯುವುದು ಸಾಮಾನ್ಯವಾಗಿ ಬಳ್ಳಾರಿ ಜಾಲಿಯಿಂದ. ಹಳ್ಳದ ದಂಡೆ, ಕೆರೆ ಅಂಗಳ, ಬೇಲಿ, ಎಲ್ಲಿ ನೋಡಿದರೂ ಅದೇ. ನೇರ ಚುಚ್ಚಿದರೆ ಯಾವ ಬಟ್ಟೆಯೂ ತಡೆಯಲ್ಲ, ಸೈಕಲ್ ಟೈರಿಗೇ ಇಳಿಯುವ ಮುಳ್ಳು. ಆದರೆ ಮುಳ್ಳು ಸವರಿಕೊಂಡು ಹೋದಾಗ ಬಟ್ಟೆ ಏನಾಗುತ್ತದೆ ಅನ್ನೋದು ಮುಖ್ಯ. ಗೆರೆ ಬಿದ್ದು ಸುಮ್ಮನಾಗುತ್ತದೋ, ಗೇಣುದ್ದ ಹರಿಯುತ್ತದೋ?

ಇಲ್ಲಿ ನೋಡಬೇಕಾದ್ದು "ಡೆನಿಯರ್", ಬರೆಯುವಾಗ ನಂಬರಿನ ಮುಂದೆ "ಡಿ" ಹಾಕಿರುತ್ತಾರೆ. ಒಂಬತ್ತು ಸಾವಿರ ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಮುಷ್ಟಿಯೊಳಗೆ ಹಿಡಿಯುವ 20 ಡಿ ಟ್ರೆಕ್ಕಿಂಗ್ ಜಾಕೆಟ್‌ಗಳನ್ನು ನೋಡಿ ಮರುಳಾಗಬೇಡಿ, ಜಗಳೂರಿನ ಒಂದು ಬೇಲಿ ದಾಟುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಮೈಗೆ ಕನಿಷ್ಠ 70 ಡಿ, ಭುಜ, ಮೊಣಕೈಗೆ ಅದಕ್ಕಿಂತ ದಪ್ಪ ತೇಪೆ ಇದ್ದರೆ ಒಳ್ಳೇದು. ಬಟ್ಟೆಯಲ್ಲಿ ಸಣ್ಣ ಚೌಕಚೌಕದ ಗೆರೆ ಕಂಡರೆ ಅದು ರಿಪ್‌ಸ್ಟಾಪ್ ನೇಯ್ಗೆ. ಅಲ್ಲಲ್ಲಿ ದಪ್ಪ ಎಳೆ ಹಾಕಿ ನೇಯ್ದಿರುವುದರಿಂದ ಹರಿದದ್ದು ಆ ಚೌಕದಲ್ಲೇ ನಿಲ್ಲುತ್ತದೆ.

ಪದರದ ವಿಚಾರವೂ ಇಲ್ಲೇ ಹೇಳಿಬಿಡುತ್ತೇನೆ. ಮೂರು ಪದರದ್ದರಲ್ಲಿ ಹೊರಬಟ್ಟೆ, ಪೊರೆ, ಒಳಬಟ್ಟೆ ಮೂರೂ ಅಂಟಿಕೊಂಡಿರುತ್ತವೆ. ಪೊರೆಗೆ ಎರಡೂ ಕಡೆ ರಕ್ಷಣೆ, ಹಾಗಾಗಿ ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಎರಡೂವರೆ ಪದರದ್ದರಲ್ಲಿ ಒಳಗೆ ಬಟ್ಟೆಯ ಬದಲು ಬರೀ ಒಂದು ತೆಳುವಾದ ಲೇಪ ಅಥವಾ ಅಚ್ಚು. ಹಗುರ, ಅಗ್ಗ, ಆದರೆ ಬೆವರಿದ ಕೈಗೆ ಅಂಟಿಕೊಳ್ಳುತ್ತದೆ. ಎರಡು ಪದರದ್ದಕ್ಕೆ ಒಳಗೆ ಸಡಿಲವಾದ ಜಾಲರಿ ಲೈನಿಂಗ್ ಇರುತ್ತದೆ, ನಮ್ಮ ಬಜೆಟ್‌ಗೆ ಹೆಚ್ಚಾಗಿ ಸಿಗುವುದು ಇದೇ. ಕೆಟ್ಟದ್ದೇನಲ್ಲ.

ಮೇಣ ಹಚ್ಚಿದ ಹತ್ತಿ ಬಟ್ಟೆಯ ಜಾಕೆಟ್ ಕೂಡ ಇದೆ, ಬ್ರಿಟನ್ ಕಡೆ ಬೇಟೆಯವರ ಹಳೇ ಪ್ರೀತಿ ಅದು. ಮುಳ್ಳಿಗೆ ಬಹಳ ಗಟ್ಟಿ, ಸದ್ದಿಲ್ಲ, ತೂತು ಬಿದ್ದರೆ ಹೊಲಿದು ಮತ್ತೆ ಮೇಣ ಉಜ್ಜಿದರೆ ಆಯ್ತು. ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯವನಾಗಿ ಹತ್ತಿಯ ಮೇಲೆ ನನಗೆ ಪ್ರೀತಿ ಇಲ್ಲದೆ ಏನು. ಆದರೆ ಏಪ್ರಿಲ್‌ನಲ್ಲಿ ಆ ಜಾಕೆಟ್ ಬೀರುವಿನಲ್ಲಿ ಬೆವರಿ ಪಕ್ಕದ ಬಟ್ಟೆಗೆಲ್ಲ ಜಿಡ್ಡು ಬಳಿಯುತ್ತದೆ. ಭಾರ ಬೇರೆ. ಮಾಗಿಯಲ್ಲಿ ಮಾತ್ರ ಹಾಕುವವರು ಯೋಚನೆ ಮಾಡಬಹುದು.

ಕಂಬಳಿಯನ್ನೂ ಬಿಡುವಂತಿಲ್ಲ, ಬಿಟ್ಟರೆ ಕಂಬಳಿಗೆ ಹೆಸರಾದ ಚಳ್ಳಕೆರೆಯವರು ಸುಮ್ನಿರಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ನೀರಿನಂಶ ಹೀರಿಕೊಂಡರೂ ಮೈಗೆ ತಣ್ಣಗೆ ಅನ್ನಿಸಲ್ಲ. ಮುಳ್ಳು ಸಿಕ್ಕಿದರೆ ಎಳೆ ಸರಿಯುತ್ತದೆ, ಹರಿಯಲ್ಲ. ಬೆಂಕಿ ಕಿಡಿ ಬಿದ್ದರೆ ನೈಲಾನ್ ಹಾಗೆ ಕರಗಿ ಚರ್ಮಕ್ಕೆ ಅಂಟಲ್ಲ. ರಾತ್ರಿ ಕಾವಲಿನಲ್ಲಿ ಬೆಂಕಿ ಹಾಕಿಕೊಂಡು ಕೂರುವವರಿಗೆ ಇದು ಸಣ್ಣ ಮಾತಲ್ಲ, ನನ್ನ ಜಾಕೆಟ್ ತೋಳಿನಲ್ಲಿ ಉದ್ದಿನಕಾಳು ಗಾತ್ರದ ಮೂರು ತೂತು ಹಾಗೆ ಆಗಿದ್ದು. ಕಂಬಳಿಯ ತೊಂದರೆ ಅಂದರೆ ಪೂರ್ತಿ ನೆನೆದ ಮೇಲಿನ ಭಾರ, ಮತ್ತೆ ಒಣಗೋಕೆ ಎರಡು ದಿನ. ಈಗ ನಾನು ಮಾಡುವುದು ಇಷ್ಟು: ನಡೆಯುವಾಗ ಜಾಕೆಟ್, ಕೂತ ಮೇಲೆ ಮೇಲಿಂದ ಕಂಬಳಿ. ದೊಡ್ಡಪ್ಪ ಇದನ್ನು ಗೆಲುವು ಅಂತ ಎಣಿಸಿದ್ದಾರೆ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿ ಜಾಕೆಟ್ಟನ್ನು ಒಳಹೊರಗು ಮಾಡಿ

ಇದನ್ನು ಯಾರೂ ಮಾಡಲ್ಲ, ಆದರೆ ಎಲ್ಲಾ ಗುಟ್ಟು ಒಳಗೇ ಇರುವುದು. ಬಟ್ಟೆ ಎಷ್ಟೇ ನೀರು ತಡೆದರೂ ಹೊಲಿಗೆ ಅಂದರೆ ಸಾಲುಸಾಲು ತೂತು. ಆ ತೂತುಗಳ ಮೇಲೆ ಒಳಗಡೆಯಿಂದ ಟೇಪ್ ಅಂಟಿಸಿರಬೇಕು. "ಫುಲ್ಲಿ ಸೀಮ್ ಟೇಪ್ಡ್" ಅಂದರೆ ಎಲ್ಲಾ ಹೊಲಿಗೆಗೂ ಟೇಪ್ ಇದೆ ಅಂತ. "ಕ್ರಿಟಿಕಲಿ ಟೇಪ್ಡ್" ಅಂದರೆ ಭುಜ, ಕತ್ತು, ತಲೆಗವಸಿಗೆ ಮಾತ್ರ. ನನ್ನ ಎರಡನೇ ಜಾಕೆಟ್‌ನಲ್ಲಿ ತೋಳು ಜೋಡಿಸುವ ಜಾಗದಲ್ಲಿ ಟೇಪ್ ಇರಲೇ ಇಲ್ಲ. ಕಂಪನಿ ಹೆಸರು ಬೇಡ ಬಿಡಿ. ಹಸ್ತದ ಮಳೆಯಲ್ಲಿ ಅಲ್ಲಿಂದ ಇಳಿದ ನೀರು ಮೊಣಕೈ ತನಕ ಬಂದು ಅಲ್ಲಿ ಚೀಲದ ಹಾಗೆ ನಿಂತಿತ್ತು.

ಟೇಪ್ ಮೇಲೆ ಬೆರಳು ಓಡಿಸಿ. ಸುಕ್ಕು, ಗುಳ್ಳೆ, ಎದ್ದ ತುದಿ ಇದ್ದರೆ ಬೇರೆ ಪೀಸ್ ಕೇಳಿ. ನಾಲ್ಕು ಹೊಲಿಗೆ ಸೇರುವ ಕಂಕುಳ ಮೂಲೆ ನೋಡಲೇಬೇಕು. ಫೋನಿನ ಟಾರ್ಚನ್ನು ತೋಳಿನೊಳಗೆ ಹಾಕಿ ಹಿಡಿದರೆ ಎಲ್ಲಾದರೂ ಚುಕ್ಕಿ ಬೆಳಕು ಕಂಡರೆ ಅಲ್ಲಿ ತೂತಿದೆ. ಮುಂಗೈ ಮೇಲೆ ಬಟ್ಟೆ ಬಿಗಿಹಿಡಿದು ಬಾಯಿಂದ ಊದಿ, ಉಸಿರು ಆಚೆಗೆ ತಾಗಿದರೆ ಗಾಳಿ ತಡೆಯಲ್ಲ.

ಜಿಪ್ ಹತ್ತು ಸಲ ಹಾಕಿ ತೆಗೆಯಿರಿ, ಒಂದೇ ಕೈಯಲ್ಲಿ. ಜಾಕೆಟ್ ಚೆನ್ನಾಗೇ ಇದ್ದು ಜಿಪ್ ಕೈಕೊಟ್ಟು ಮೂಲೆ ಸೇರಿದವು ಎಷ್ಟೋ. ಹಲ್ಲು ದಪ್ಪ ಇರಲಿ, ಎರಡೂ ಕಡೆಯಿಂದ ತೆರೆಯುವ ಹಾಗಿದ್ದರೆ ಬೈಕಿನ ಮೇಲೆ ಕೂರುವಾಗ ಕೆಳಗಿಂದ ಸ್ವಲ್ಪ ಬಿಡಿಸಿಕೊಳ್ಳಬಹುದು. ಜಿಪ್ ಮೇಲೆ ಮುಚ್ಚುಪಟ್ಟಿ ಇರಬೇಕು. ರಬ್ಬರಿನಂತೆ ಹೊಳೆಯುವ "ವಾಟರ್‌ಪ್ರೂಫ್ ಜಿಪ್" ನೋಡೋಕೆ ಚೆಂದ, ಆದರೆ ಎದುರುಗಾಳಿ ಮಳೆಯಲ್ಲಿ ಬೈಕ್ ಓಡಿಸಿದರೆ ಬಟ್ಟೆಪಟ್ಟಿಯಷ್ಟು ನಂಬೋಕೆ ಆಗಲ್ಲ.

ಐದನೇ ಹೆಜ್ಜೆ: ಹಾಕಿಕೊಂಡು ಕಸರತ್ತು

ಒಳಗೆ ಸ್ವೆಟರ್ ಹಾಕಿಕೊಂಡೇ ಹೋಗಿ, ಅಂಗಡಿಯವರು ನಕ್ಕರೆ ನಗಲಿ. ಎರಡೂ ಕೈ ಮೇಲೆತ್ತಿ, ಸೊಂಟ ಕಂಡರೆ ಗಿಡ್ಡ. ಕುಕ್ಕರುಗಾಲಿನಲ್ಲಿ ಕೂತು ನೋಡಿ, ಬೆನ್ನ ಕೆಳಗಿನ ಭಾಗ ಮುಚ್ಚಿರಬೇಕು. ಬೈಕ್ ಹ್ಯಾಂಡಲ್ ಹಿಡಿದಂತೆ ಕೈ ಚಾಚಿ, ತೋಳು ಮಣಿಕಟ್ಟಿನಿಂದ ಮೇಲೆ ಓಡಬಾರದು.

ತಲೆಗವಸು ಹಾಕಿ ಎಡಕ್ಕೆ ಬಲಕ್ಕೆ ತಿರುಗಿ. ತಲೆ ತಿರುಗಿದಾಗ ಗವಸೂ ಜೊತೆಗೆ ತಿರುಗಬೇಕು, ಇಲ್ಲದಿದ್ದರೆ ಒಂದು ಕಣ್ಣಿಗೆ ಬಟ್ಟೆ ಬರುತ್ತದೆ. ಹಿಂದಿನಿಂದ ಎಳೆದು ಬಿಗಿಮಾಡುವ ದಾರ ಇರಲಿ, ಆಷಾಢದ ಗಾಳಿಗೆ ಅದಿಲ್ಲದ ಗವಸು ಬೆನ್ನಮೇಲೆ ಪಟಪಟ ಹೊಡೆಯುತ್ತಾ ಇರುತ್ತದೆ. ಕಿವಿ ಕೇಳುತ್ತಾ ಅಂತ ಮರೆಯದೆ ನೋಡಿ. ಕಾವಲಿನಲ್ಲಿ ಕಣ್ಣಿಗಿಂತ ಕಿವಿಯ ಕೆಲಸವೇ ಜಾಸ್ತಿ, ಜೋಳದ ದಂಟು ಮುರಿಯುವ ಸದ್ದೇ ಮೊದಲು ಬರುವುದು.

ಸದ್ದು ಅಂದಾಗ ನೆನಪಾಯ್ತು. ತೋಳನ್ನು ಮೈಗೆ ಉಜ್ಜಿ ನೋಡಿ. ಚರಚರ ಅಂದರೆ ಕೊಂಡುಕುರಿ, ಕೃಷ್ಣಮೃಗ ನೋಡೋಕೆ ಹೋಗುವವರಿಗೆ ಬೇಡ. ಸ್ವಲ್ಪ ನುಣುಪು ಜೂಲಿನ ಹೊರಮೈ ಇರುವ ಬಟ್ಟೆ ಸದ್ದು ಮಾಡಲ್ಲ, ಆದರೆ ನೀರು ಜಾಸ್ತಿ ಹಿಡಿದುಕೊಳ್ಳುತ್ತದೆ, ಒಣಗೋದು ನಿಧಾನ. ಹಂದಿ ಕಾಯುವವರಿಗೆ ಈ ತಲೆನೋವಿಲ್ಲ, ಅಲ್ಲಿ ಸದ್ದು ಆದಷ್ಟೂ ಒಳ್ಳೇದು. ಕರಡಿ ಇರುವ ಗುಡ್ಡಗಳಲ್ಲೂ ಅಷ್ಟೇ. ಜೋಗಿಮಟ್ಟಿ ಕಡೆ ಸದ್ದಿಲ್ಲದೆ ನುಸುಳಿ ಕರಡಿಗೆ ಎದುರಾಗುವುದಕ್ಕಿಂತ ಚರಚರ ಅಂತ ನಡೆಯುವುದು ಮೇಲು.

ಬಣ್ಣ

ಬೇಗ ಮುಗಿಸುತ್ತೇನೆ. ಸೈನ್ಯದ ಚಿತ್ತಾರದ ಬಟ್ಟೆ ತಗೋಬೇಡಿ. 2022ರಲ್ಲಿ ಬಂದ ಭಾರತೀಯ ಸೇನೆಯ ಹೊಸ ಡಿಜಿಟಲ್ ಚಿತ್ತಾರದ ಹಕ್ಕು ಸೇನೆ ಹೆಸರಿನಲ್ಲಿ ನೋಂದಣಿಯಾಗಿದೆ, ಸುಮ್ನೆ ಯಾಕೆ ಪ್ರಶ್ನೆ ಮೈಮೇಲೆ ಎಳೆದುಕೊಳ್ಳೋದು? ಪ್ರಾಣಿ ನೋಡುವವರಿಗೆ ಒಣಹುಲ್ಲು, ಮಣ್ಣಿನ ಬಣ್ಣ ಸಾಕು. ಜಿಂಕೆ ಜಾತಿಗೆ ಕೆಂಪು, ಕಿತ್ತಳೆ ಅಷ್ಟಾಗಿ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಹೊರದೇಶದ ಬೇಟೆಯವರು ಕಿತ್ತಳೆ ಬಣ್ಣ ಹಾಕುವುದು ಇದಕ್ಕೇ, ಪ್ರಾಣಿಗೆ ಕಾಣಲ್ಲ, ಇನ್ನೊಬ್ಬ ಬೇಟೆಯವನಿಗೆ ಕಾಣುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಬೈಕ್ ಓಡಿಸಿ ಹೊಲಕ್ಕೆ ಹೋಗುವವರು ಬೆನ್ನಿನ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರುವುದನ್ನೇ ತಗೊಳ್ಳಿ. ಇಲ್ಲದಿದ್ದರೆ ಪಟ್ಟಿ ತಂದು ಹೊಲಿಸಿ, ಆದರೆ ಹೊಲಿದ ತೂತಿಗೆ ಒಳಗಿನಿಂದ ಟೇಪ್ ಹಾಕಿಸಬೇಕು.

ಆರನೇ ಹೆಜ್ಜೆ: ಮನೆಗೆ ತಂದ ದಿನವೇ ನೀರು ಹಾಕಿ

ಮೊದಲು ವಾಪಸ್ ಕೊಡುವ ನಿಯಮ ಓದಿಕೊಳ್ಳಿ, ಒದ್ದೆಯಾದದ್ದನ್ನು ಕೆಲವರು ತಗೊಳ್ಳಲ್ಲ. ಆಮೇಲೆ ಹಳೇ ಅಂಗಿಯ ಮೇಲೆ ಜಾಕೆಟ್ ಹಾಕಿ ಬಚ್ಚಲಲ್ಲಿ ನಿಲ್ಲಿ. ಹತ್ತು ನಿಮಿಷ ಷವರ್, ಇಲ್ಲದಿದ್ದರೆ ಯಾರಿಗಾದರೂ ಚೊಂಬು ಕೊಟ್ಟು ಭುಜದ ಮೇಲೆ ಹೊಯ್ಯೋಕೆ ಹೇಳಿ, ನಮ್ಮನೆಯಲ್ಲಿ ಈ ಕೆಲಸಕ್ಕೆ ಮಕ್ಕಳು ಸರತಿ ನಿಂತಿದ್ದರು. ಹೊರಗೆ ಬಂದು ಅಂಗಿಯ ಮೇಲೆ ಎಲ್ಲಿ ಒದ್ದೆ ಇದೆ ನೋಡಿ. ಕತ್ತು, ಜಿಪ್ ಸಾಲು, ಭುಜ, ಜೇಬಿನ ಬಾಯಿ, ಸೋರುವುದು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು ಕಡೆ.

ಹೊರಮೈ ಮೇಲೆ ನೀರು ಕೆಸುವಿನೆಲೆ ಮೇಲಿನ ಹಾಗೆ ಉಂಡೆಯಾಗಿ ಉರುಳಬೇಕು. ಅದು ಡಿಡಬ್ಲ್ಯೂಆರ್ ಅನ್ನುವ ಲೇಪದ ಕೆಲಸ. ಈ ಲೇಪ ಸವೆಯುತ್ತದೆ. ಸವೆದ ಮೇಲೆ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಬೆವರು ಹೊರಗೆ ಹೋಗೋದು ನಿಲ್ಲುತ್ತದೆ. ಒಳಗೆ ಒದ್ದೆಯಾದಾಗ ಜನ "ಸೋರ್ತಾ ಇದೆ" ಅಂತಾರೆ, ಎಷ್ಟೋ ಸಲ ಅದು ಸೋರಿಕೆ ಅಲ್ಲ, ಆಚೆ ಹೋಗಲಾಗದ ಬೆವರು. ಹಳೇ ಲೇಪಗಳಲ್ಲಿದ್ದ ಫ್ಲೋರಿನ್ ರಾಸಾಯನಿಕಗಳನ್ನು ಈಗ ಬಹಳ ಕಂಪನಿಗಳು ಬಿಡುತ್ತಿವೆ. ಹೊಸ ಲೇಪಗಳು ಎಣ್ಣೆ, ಬೆವರಿನ ಜಿಡ್ಡಿಗೆ ಬೇಗ ಸೋಲುತ್ತವೆ, ಹಾಗಾಗಿ ಜಾಕೆಟ್ ಒಗೆಯಲೇಬಾರದು ಅನ್ನೋ ಹಳೇ ನಂಬಿಕೆ ಬಿಡಿ.

ಒಗೆಯುವುದು ಹೀಗೆ: ಜಿಪ್ ಎಲ್ಲಾ ಹಾಕಿ, ಮೃದುವಾದ ದ್ರವ ಸೋಪು, ತಣ್ಣೀರು. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡೀಷನರ್ ಬೇಡ, ಬ್ಲೀಚ್ ಬೇಡ, ಕಲ್ಲಿಗೆ ಕುಕ್ಕುವುದಂತೂ ಬೇಡವೇ ಬೇಡ. ಎರಡು ಮೂರು ಸಲ ಚೆನ್ನಾಗಿ ಜಾಲಿಸಿ ನೆರಳಲ್ಲಿ ಒಣಗಿಸಿ. ಲೇಬಲ್ ಒಪ್ಪಿದರೆ ಮೇಲೆ ತೆಳು ಬಟ್ಟೆ ಹಾಕಿ ಕಮ್ಮಿ ಬಿಸಿಯ ಇಸ್ತ್ರಿ ಓಡಿಸಿ, ಮಲಗಿದ್ದ ಲೇಪ ಬಿಸಿಗೆ ಮತ್ತೆ ಏಳುತ್ತದೆ. ಆಗಲೂ ಹನಿ ಉರುಳದಿದ್ದರೆ ಡಿಡಬ್ಲ್ಯೂಆರ್ ಸ್ಪ್ರೇ ತಂದು ಹೊಡೆಯಬಹುದು.

ತೂತು ಬಿದ್ದರೆ, ಮತ್ತೆ ಇಡುವ ಜಾಗ

ಮುಳ್ಳಿನ ತೂತಿಗೆ ಸೂಜಿ ಹಿಡಿಯಬೇಡಿ, ಒಂದು ತೂತಿಗೆ ಹತ್ತು ತೂತಾಗುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ನೈಲಾನ್ ತೇಪೆ ದುಂಡಗೆ ಕತ್ತರಿಸಿ ಅಂಟಿಸಿ. ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ, ಅದಕ್ಕೇ ದುಂಡಗೆ. ತೇಪೆ ಸಿಗದಿದ್ದರೆ ಟೆಂಟ್ ರಿಪೇರಿ ಟೇಪ್ ಆನ್‌ಲೈನ್‌ನಲ್ಲಿ ತರಿಸಿ. ಜೋಳ ಒಣಹಾಕುವ ತಾಡಪಾಲಿಗೆ ಹಚ್ಚುವ ಗೋಂದನ್ನು ನಾನೊಮ್ಮೆ ಹಚ್ಚಿ ನೋಡಿದ್ದೇನೆ. ಒಣಗಿ ಹಪ್ಪಳದ ಹಾಗೆ ಒಡೆಯಿತು.

ಒದ್ದೆ ಜಾಕೆಟ್ಟನ್ನು ಮಡಚಿ ಬೈಕಿನ ಡಿಕ್ಕಿಯಲ್ಲಿ ಮರೆಯಬೇಡಿ. ಒಳಗಿನ ಪಿಯು (ಪಾಲಿಯುರೆಥೇನ್) ಲೇಪ ಬಿಸಿ, ತೇವ ಎರಡೂ ಸೇರಿದರೆ ಅಂಟಂಟಾಗಿ ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ, ಅದಕ್ಕೆ ರಿಪೇರಿ ಇಲ್ಲ. ತಗಡಿನ ಶೆಡ್ಡಿನಲ್ಲೂ ಬೇಡ. ಗಾಳಿಯಾಡುವ ಕಡೆ ಹ್ಯಾಂಗರ್‌ಗೆ ನೇತುಹಾಕಿ.

ನೇತುಹಾಕುವ ಮುಂಚೆ ಜೇಬು ಕೊಡವಿ. ನನ್ನ ಈಗಿನ ಜಾಕೆಟ್ ಮುಳ್ಳಿಗೂ ಬಗ್ಗಲಿಲ್ಲ, ಹಸ್ತದ ಮಳೆಗೂ ಬಗ್ಗಲಿಲ್ಲ, ಕಾವಲಿಗೆ ಒಯ್ದಿದ್ದ ಹುರಿದ ಶೇಂಗಾ ನಾಲ್ಕು ಕಾಳು ಬಲಜೇಬಿನಲ್ಲೇ ಉಳಿದಿತ್ತು ನೋಡಿ, ಇಲಿ ಒಂದೇ ರಾತ್ರಿಗೆ ಮೂರೂ ಪದರ ಕತ್ತರಿಸಿ ಹಾಕಿತು. ಆ ಜೇಬಿಗೆ ಈಗ ಅಂಗೈಯಗಲದ ತೇಪೆ ಇದೆ.